ಕಾಲೇಜು ವಿದ್ಯಾರ್ಥಿಗಳ ಸಕ್ರಿಯ ಕಲಿಕೆಗೆ ಡಿಜಿಟಲ್ ಸಾಧನಗಳು: ಗಡಿಭಾಗದ ಕನ್ನಡ ಮಕ್ಕಳಿಗಾಗಿ ಒಂದು ಮಾಹಿತಿ ಲೇಖನ

ಜೂಜುವಾಡಿ ಎಂದರೆ ಹೊರಗಿನವರಿಗೆ ಚೆಕ್‌ಪೋಸ್ಟ್ ನೆನಪಾಗುತ್ತದೆ. ನಮಗೆ ನೆನಪಾಗುವುದು ಬೆಳಗಿನ ಬಸ್‌ಸ್ಟಾಪು. ಒಂದು ಬದಿಯಲ್ಲಿ ಅತ್ತಿಬೆಲೆ ದಾಟಿ ಬೆಂಗಳೂರಿನ ಕಾಲೇಜುಗಳಿಗೆ ಹೋಗುವವರು ನಿಂತಿರುತ್ತಾರೆ, ಇನ್ನೊಂದು ಬದಿಯಲ್ಲಿ ಹೊಸೂರು, ಕೃಷ್ಣಗಿರಿ ಕಡೆಯ ಕಾಲೇಜುಗಳಿಗೆ ಹೋಗುವವರು. ಎಲ್ಲರ ಕೈಯಲ್ಲೂ ಫೋನು. ಸಂಘಕ್ಕೆ ಬರುವ ತಂದೆತಾಯಿಗಳು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೂ ಅದರದ್ದೇ: "ಕೇಳಿದರೆ ಅದರಲ್ಲೇ ಓದ್ತಾ ಇದ್ದೀನಿ ಅಂತಾನೆ. ಫೋನಿನಲ್ಲಿ ಓದೋದು ಅಂತ ನಿಜವಾಗಲೂ ಇದೆಯಾ?"

ಇದೆ. ಆದರೆ ಹೆಚ್ಚಿನವರು ಮಾಡುತ್ತಿರುವುದು ಅದಲ್ಲ. ಆ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ನಮ್ಮ ಅಧ್ಯಾಪಕ ಮಿತ್ರರಿಗೂ ಬಿಡಿಸಿ ಹೇಳುವುದಕ್ಕೆ ಈ ಲೇಖನ.

ನಮ್ಮ ಭಾಗದ ಮಕ್ಕಳ ಸ್ಥಿತಿ ಸ್ವಲ್ಪ ಬೇರೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಬೀದಿಯಲ್ಲಿ ಮೂರೂ ಭಾಷೆ, ಶಾಲೆಯಲ್ಲಿ ತಮಿಳು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಒಂದನೇ ತರಗತಿಯಿಂದ ಶುರುವಾಗಿ ಹಂತಹಂತವಾಗಿ ಹತ್ತನೇ ತರಗತಿಯವರೆಗೆ ತಮಿಳು ಕಡ್ಡಾಯವಾಯಿತು. ಕಾಲೇಜಿಗೆ ಹೋದರೆ ಪಾಠವೆಲ್ಲ ಇಂಗ್ಲಿಷ್. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಗಲಿ, ಗಡಿಯಾಚೆ ಬೆಂಗಳೂರಿನ ಕಾಲೇಜಾಗಲಿ, ಮೊದಲ ವರ್ಷ ನಮ್ಮ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ. ಅರ್ಥವಾಗದ್ದನ್ನು ಕೇಳಲು ಇಂಗ್ಲಿಷ್ ಸಾಲದು, ತಮಿಳಿನಲ್ಲಿ ಕೇಳಿದರೆ ಉಚ್ಚಾರಣೆಗೆ ನಗುತ್ತಾರೇನೋ ಎಂಬ ಅಳುಕು. ಸುಮ್ಮನೆ ಕೂತು ನೋಟ್ಸ್ ಬರೆದುಕೊಂಡು ಬರುತ್ತಾರೆ. ಎರಡು ಸೆಮಿಸ್ಟರ್ ಕಳೆಯುವಷ್ಟರಲ್ಲಿ ನಾಲ್ಕೈದು ಅರಿಯರ್ ಪೇಪರ್ ಸೇರಿಕೊಂಡಿರುತ್ತವೆ. ಹಾಗೆ ಅರ್ಧಕ್ಕೆ ಬಿಟ್ಟು ಸಿಪ್‌ಕಾಟ್‌ನಲ್ಲಿ ಕೆಲಸಕ್ಕೆ ಸೇರಿದವರು ನಮ್ಮ ಬೀದಿಗಳಲ್ಲೇ ಇದ್ದಾರೆ. ಕೆಲಸ ಮಾಡುವುದರಲ್ಲಿ ಕೀಳೇನೂ ಇಲ್ಲ. ಆದರೆ ಓದುವ ಆಸೆ ಇದ್ದವರು ಪ್ರಶ್ನೆ ಕೇಳಲಾಗದೆ ಓದು ಬಿಡಬೇಕಾಗಿ ಬಂದರೆ ಅದು ನಷ್ಟವೇ.

ನೋಡುವುದು ಬೇರೆ, ಕಲಿಯುವುದು ಬೇರೆ

ಸಕ್ರಿಯ ಕಲಿಕೆ ಎಂಬುದು ಕೇಳಲು ಭಾರವಾದ ಮಾತು, ವಿಷಯ ಸರಳ. ವಿದ್ಯಾರ್ಥಿ ಪಾಠವನ್ನು ಕೇಳಿ ಬರೆದುಕೊಳ್ಳುವುದರ ಜತೆಗೆ ಪಾಠದ ನಡುವೆಯೇ ತಾನೊಂದು ಕೆಲಸ ಮಾಡಬೇಕು. ಉತ್ತರ ಆರಿಸಬೇಕು, ಪಕ್ಕದವರ ಜತೆ ವಾದ ಮಾಡಬೇಕು, ಲೆಕ್ಕ ಬಿಡಿಸಬೇಕು, ತಪ್ಪು ತಿದ್ದಬೇಕು, ತನ್ನ ಮಾತಿನಲ್ಲಿ ಬರೆಯಬೇಕು. ಇದಕ್ಕೆ ಫೋನು ಬೇಕೇಬೇಕೆಂದಿಲ್ಲ. ಫೋನು ಇದ್ದರೆ ಕೆಲವು ಸುಲಭವಾಗುತ್ತವೆ, ಅಷ್ಟೆ. ಎರಡು ಗಂಟೆ ಯೂಟ್ಯೂಬ್ ಪಾಠ ನೋಡುವುದು ಸಕ್ರಿಯ ಕಲಿಕೆಯಲ್ಲ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರೆ ಅದು ಹೌದು.

ಇದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪದವಿ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ಸರಾಸರಿ ಶೇ. 33.8 ವಿದ್ಯಾರ್ಥಿಗಳು ಫೇಲಾಗಿದ್ದರು. ಸಕ್ರಿಯವಾಗಿ ಪಾಠ ಮಾಡಿದ ಕಡೆ ಅದು ಶೇ. 21.8. ಅರವತ್ತು ಮಂದಿಯ ತರಗತಿಗೆ ಲೆಕ್ಕ ಹಾಕಿದರೆ ಏಳು ಮಕ್ಕಳ ವ್ಯತ್ಯಾಸ. ಅಲ್ಲಿನ ಅಂಕಿ ಹೊಸೂರಿಗೆ ಹಾಗೇ ಹೊಂದುತ್ತದೆಂದು ನಾವು ಹೇಳುವುದಿಲ್ಲ. ಆದರೆ ಏಳರ ಬದಲು ಮೂರು ಮಕ್ಕಳು ಉಳಿದರೂ ಅದು ಮೂರು ಮನೆಗಳ ಮಾತು.

ಇನ್ನೊಂದು ಪ್ರಯೋಗ ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಓದುವ ರೀತಿಗೆ ಸಂಬಂಧಿಸಿದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಓದುವ ಬದಲು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೊಮ್ಮೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಶೇ. 56ರಷ್ಟು, ಓದಿದವರಿಗೆ ಶೇ. 42ರಷ್ಟು ನೆನಪಿತ್ತು.

ಈ ರೀತಿಯ ಕಲಿಕೆ ಹಿತವಾಗಿರುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದೇ ಅವರಿಗೆ ಅನ್ನಿಸಿತ್ತು. ಒಳ್ಳೆಯ ಮಾತುಗಾರ ಮೇಷ್ಟರ ಪಾಠ ಕೇಳಿ ಹೊರಬಂದಾಗ ಎಲ್ಲ ಅರ್ಥವಾದಂತೆ ಅನ್ನಿಸುವುದು ನಮಗೆಲ್ಲ ಗೊತ್ತಿರುವುದೇ. ಹೊಸ ರೀತಿ ಶುರುಮಾಡಿದ ಅಧ್ಯಾಪಕರ ಮೇಲೆ ಮಕ್ಕಳು ಗೊಣಗಿದರೆ ಪೋಷಕರು ಇದನ್ನು ನೆನಪಿಡಬೇಕು.

ಒಂದು ಪ್ರಶ್ನೆ, ಎರಡು ಸಲ ಓಟು

ತರಗತಿಯಲ್ಲಿ ಮಾಡಬಹುದಾದ ಅತಿ ಸುಲಭದ ಕ್ರಮ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ರೂಢಿಗೆ ತಂದದ್ದು. ಅಧ್ಯಾಪಕರು ಒಂದು ಬಹು ಆಯ್ಕೆಯ ಪ್ರಶ್ನೆ ಹಾಕುತ್ತಾರೆ. ಮೊದಲು ಪ್ರತಿಯೊಬ್ಬರೂ ಯಾರನ್ನೂ ಕೇಳದೆ ಉತ್ತರ ಕೊಡಬೇಕು. ಸುಮಾರು ಶೇ. 30ರಿಂದ 70ರಷ್ಟು ಮಂದಿ ಸರಿ ಹೇಳಿದ್ದರೆ ಸರಿಯುತ್ತರ ಬಿಟ್ಟುಕೊಡದೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜತೆ ಎರಡು ಮೂರು ನಿಮಿಷ ಮಾತಾಡಲು ಬಿಡಬೇಕು. ಮತ್ತೊಮ್ಮೆ ಉತ್ತರ ಪಡೆದು ಆಮೇಲೆ ವಿವರಿಸಬೇಕು. ತೀರಾ ಕಡಿಮೆ ಮಂದಿ ಸರಿ ಹೇಳಿದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡುವುದು ಮೇಲು.

ನಮ್ಮ ಊರಿಗೇ ಹೊಂದುವ ಒಂದು ಪ್ರಶ್ನೆಯನ್ನು ಬಿ.ಕಾಂ. ಮಕ್ಕಳಿಗೆ ಕೇಳಿ ನೋಡಬಹುದು. ಜೂಜುವಾಡಿಯ ಅಂಗಡಿಯವರು ಅತ್ತಿಬೆಲೆಯ ನೋಂದಾಯಿತ ವ್ಯಾಪಾರಿಗೆ ಸರಕು ಕಳಿಸಿಕೊಟ್ಟರೆ ಬಿಲ್ಲಿನಲ್ಲಿ ಯಾವ ತೆರಿಗೆ ಹಾಕಬೇಕು, ಐಜಿಎಸ್‌ಟಿಯೋ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎರಡೋ? "ನಡೆದು ಹೋಗುವಷ್ಟು ಹತ್ತಿರ, ಅದಕ್ಕೆಂಥ ಐಜಿಎಸ್‌ಟಿ" ಎನ್ನುವವರು ಇದ್ದೇ ಇರುತ್ತಾರೆ. ಆದರೆ ಇಲ್ಲಿ ದೂರ ಲೆಕ್ಕಕ್ಕಿಲ್ಲ. ಸರಕು ತಮಿಳುನಾಡಿನಿಂದ ಹೊರಟು ಕರ್ನಾಟಕದಲ್ಲಿ ತಲುಪಿದ್ದರಿಂದ ಐಜಿಎಸ್‌ಟಿಯೇ. ಅದು ತಿಳಿದ ಮೇಲೆ ಎರಡನೇ ಪ್ರಶ್ನೆ: ಅತ್ತಿಬೆಲೆಯ ಸಾಮಾನ್ಯ ಗಿರಾಕಿಯೊಬ್ಬರು, ಜಿಎಸ್‌ಟಿ ನೋಂದಣಿ ಇಲ್ಲದವರು, ತಾವೇ ಅಂಗಡಿಗೆ ಬಂದು ಕೊಂಡುಹೋದರೆ? ಬಿಲ್ಲಿನಲ್ಲಿ ಅವರ ವಿಳಾಸ ಬರೆಯದಿದ್ದರೆ ಮಾರಿದವರ ಸ್ಥಳವೇ ಲೆಕ್ಕ, ಆಗ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಇಂಥ ಪ್ರಶ್ನೆಯ ಮೇಲೆ ಮಕ್ಕಳು ಜಗಳವಾಡುವುದನ್ನು ನೋಡಬೇಕು. ಆ ಜಗಳ ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ನಡೆಯಲಿ, ಅಧ್ಯಾಪಕರು ತಡೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಮಾತಿನಲ್ಲಿ ವಾದಿಸಿ ತಿಳಿದದ್ದನ್ನು ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯುವುದು ಆಮೇಲಿನ ಕೆಲಸ.

ಉತ್ತರ ಪಡೆಯಲು ಗೂಗಲ್ ಫಾರ್ಮ್ಸ್, ಮೆಂಟಿಮೀಟರ್, ಕಹೂಟ್ ಇವು ಸಾಕು. ಯಾರು ಏನು ಹೇಳಿದರೆಂದು ತರಗತಿಗೆ ತೋರಿಸದೆ ಒಟ್ಟು ಲೆಕ್ಕ ಮಾತ್ರ ತೋರಿಸುವಂತೆ ಇಡಬೇಕು. ಬಾಯಿ ಬಿಡದ ಹುಡುಗಿಯೂ ಬೆರಳು ಒತ್ತುತ್ತಾಳೆ, ತನ್ನಂತೆಯೇ ಇನ್ನೂ ಇಪ್ಪತ್ತು ಮಂದಿ ತಪ್ಪು ಹೇಳಿದ್ದಾರೆಂದು ಕಂಡಾಗ ಅವಳ ಅಳುಕು ಕಡಿಮೆಯಾಗುತ್ತದೆ. ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಆಟಕ್ಕೆ ಚೆನ್ನ, ಯೋಚಿಸಬೇಕಾದ ಪ್ರಶ್ನೆಗೆ ಅಷ್ಟು ಒಳ್ಳೆಯದಲ್ಲ.

ಎಲ್ಲರ ಹತ್ತಿರ ಫೋನು ಇಲ್ಲದ ಕಡೆ, ಅಥವಾ ತರಗತಿಗೆ ಫೋನು ತರಬಾರದೆಂಬ ಕಾಲೇಜುಗಳಲ್ಲಿ, ಪ್ಲಿಕರ್ಸ್ ಉಪಯೋಗಕ್ಕೆ ಬರುತ್ತದೆ. ಪ್ರತಿ ವಿದ್ಯಾರ್ಥಿಗೂ ಚೌಕಾಕಾರದ ಗುರುತು ಅಚ್ಚಾದ ಒಂದು ಕಾಗದದ ಕಾರ್ಡು. ಅದನ್ನು ಹಿಡಿಯುವ ದಿಕ್ಕಿನ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದು ಆಯ್ಕೆಯಾಗುತ್ತದೆ. ಅಧ್ಯಾಪಕರು ತಮ್ಮ ಒಂದೇ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಆಡಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಖರ್ಚು ಜೆರಾಕ್ಸಿನದ್ದು ಮಾತ್ರ.

ಮನೆಯಲ್ಲಿ ಒಬ್ಬರೇ ಓದುವಾಗ

ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ, ಅದರೊಳಗಿನ ಎನ್‌ಪಿಟಿಇಎಲ್ ಪಾಠಗಳಲ್ಲಿ ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಶುಲ್ಕ ಇರುವುದು ಪರೀಕ್ಷೆಗೆ. ಪ್ರತಿವಾರ ಅಸೈನ್‌ಮೆಂಟ್ ಇರುತ್ತದೆ. ಎನ್‌ಪಿಟಿಇಎಲ್ ಪ್ರಮಾಣಪತ್ರದ ಅಂಕದಲ್ಲಿ ಅದಕ್ಕೆ ಶೇ. 25, ಪರೀಕ್ಷೆಗೆ ಶೇ. 75. ಯುಜಿಸಿ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಪಾಠಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ನಿಮ್ಮ ಕಾಲೇಜು ಎಷ್ಟಕ್ಕೆ ಒಪ್ಪುತ್ತದೆಂದು ಸೇರುವ ಮೊದಲೇ ಕೇಳಿಕೊಳ್ಳಿ. ಅಸೈನ್‌ಮೆಂಟಿನ ಉತ್ತರಗಳು ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತವೆ. ಅದನ್ನು ನೋಡಿ ತುಂಬಿದವರಿಗೆ 25 ಸಿಗುತ್ತದೆ, ಪರೀಕ್ಷೆಯ 75ರಲ್ಲಿ ತೊಂದರೆಯಾಗುತ್ತದೆ.

ಕನ್ನಡದಲ್ಲೇ ಕೇಳಿ ಕಂಪ್ಯೂಟರ್ ಕಲಿಯಬೇಕೆಂದವರಿಗೆ ನಾವು ಮೊದಲು ಹೇಳುವುದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಲಿಬ್ರೆ ಆಫೀಸ್, ಲಿನಕ್ಸ್, ಸಿ ಮೊದಲಾದ ವಿಷಯಗಳ ಸುಮಾರು ಹತ್ತು ನಿಮಿಷದ ಪಾಠಗಳು. ಅವುಗಳಲ್ಲಿ ಅನೇಕಕ್ಕೆ ಕನ್ನಡ ಧ್ವನಿ ಇದೆ. ಪರದೆಯ ಅರ್ಧದಲ್ಲಿ ವಿಡಿಯೋ, ಇನ್ನರ್ಧದಲ್ಲಿ ತಂತ್ರಾಂಶ ಇಟ್ಟುಕೊಂಡು, ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ತಾವೂ ಮಾಡಬೇಕು ಎಂಬುದು ಆ ಪಾಠಗಳ ಕ್ರಮ. ಬಸ್ಸಿನಲ್ಲಿ ಕೂತು ನೋಡಿದರೆ ಪ್ರಯೋಜನವಿಲ್ಲ. ಬಸ್ಸಿಗೆ ಹೊಂದುವುದು ಆಂಕಿ ಎಂಬ ಪ್ರಶ್ನೋತ್ತರ ಕಾರ್ಡುಗಳ ಆ್ಯಪ್. ಮರೆಯುವ ಹೊತ್ತಿಗೆ ಅದೇ ಪ್ರಶ್ನೆಯನ್ನು ಮತ್ತೆ ತಂದಿಡುತ್ತದೆ. ಒಂದೇ ನಿಯಮ: ಕಾರ್ಡುಗಳನ್ನು ನೀವೇ ಬರೆಯಬೇಕು. ಮುಂಬದಿಗೆ ಇಂಗ್ಲಿಷ್ ಪಾರಿಭಾಷಿಕ ಪದ, ಹಿಂಬದಿಗೆ ಕನ್ನಡದಲ್ಲಿ ನಿಮ್ಮದೇ ವಿವರಣೆ ಇರಲಿ. ಅರ್ಥ ನೋಡಲು ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಇದೆ, ಒಂದೂವರೆ ಲಕ್ಷದಷ್ಟು ಪದಗಳಿರುವ ಈ ನಿಘಂಟು ಎಲ್ಲರಿಗೂ ಮುಕ್ತ. ಕರ್ನಾಟಕ ಸರ್ಕಾರದ 'ಪದಕಣಜ'ವೂ ಇದೆ.

ಕನ್ನಡದಲ್ಲಿ ಬರೆಸುವ ಸಾಧನ

ಇಲ್ಲಿಯವರೆಗೆ ಹೇಳಿದ್ದು ಪಾಸಾಗುವುದಕ್ಕೆ ಸಂಬಂಧಿಸಿದ್ದು. ನಮ್ಮ ಸಂಘಕ್ಕೆ ಇನ್ನೊಂದು ಚಿಂತೆ ಇದೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಕ್ಕಳು ಕನ್ನಡದಲ್ಲಿ ಒಂದು ಪುಟ ಬರೆಯಲಾರದೆ ಪದವಿ ಮುಗಿಸುತ್ತಿದ್ದಾರೆ. ಅವರಿಂದ ಕನ್ನಡ ಬರಹವನ್ನು ಕೇಳುವ ಪರೀಕ್ಷೆಯೇ ಇಲ್ಲ, ಹಾಗಿದ್ದ ಮೇಲೆ ಬರೆಯುವುದಾದರೂ ಯಾಕೆ? ಇದಕ್ಕೆ ನಮಗೆ ಕಂಡ ಒಳ್ಳೆಯ ಉತ್ತರ ವಿಕಿಪೀಡಿಯ.

ಇದು ನಾವು ಕಂಡುಹಿಡಿದದ್ದೇನಲ್ಲ. ನಮ್ಮ ಬಸ್ಸುಗಳು ಹೋಗುವ ಹೊಸೂರು ರಸ್ತೆಯಲ್ಲೇ ಇರುವ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಭಾಷಾ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿಯೇ ವಿಕಿಪೀಡಿಯಕ್ಕೆ ಬರೆಯುವ ಕೆಲಸ ಶುರುವಾಯಿತು, ಕನ್ನಡ ಓದುವವರೂ ಅದರಲ್ಲಿದ್ದರು. ಕರಾವಳಿಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲೂ ವಿದ್ಯಾರ್ಥಿಗಳ ವಿಕಿಪೀಡಿಯ ಚಟುವಟಿಕೆ ನಡೆದಿದೆ.

ವಿಕಿಪೀಡಿಯದಲ್ಲಿ ಬರೆಯುವವರು ಏನೇನು ಮಾಡಬೇಕಾಗುತ್ತದೆ ನೋಡಿ. ವಿಷಯ ಆರಿಸಬೇಕು, ಪುಸ್ತಕವೋ ಪತ್ರಿಕೆಯೋ ಆಧಾರ ಹುಡುಕಬೇಕು, ಅದನ್ನು ತಮ್ಮ ವಾಕ್ಯದಲ್ಲಿ ಹೇಳಬೇಕು, ಪ್ರತಿ ಮಾತಿಗೂ ಆಧಾರ ಕೊಡಬೇಕು. ಗುರುತಿಲ್ಲದವರೊಬ್ಬರು ಬಂದು ತಿದ್ದಿದರೆ ಚರ್ಚೆ ಪುಟದಲ್ಲಿ ಕಾರಣ ಕೊಟ್ಟು ಮಾತಾಡಬೇಕು. ಅಧ್ಯಾಪಕರಿಗೂ ಅನುಕೂಲವಿದೆ. 'ಇತಿಹಾಸ' ಪುಟದಲ್ಲಿ ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಸೇರಿಸಿದರೆಂದು ಕಾಣುತ್ತದೆ. ಕೊನೆಯ ರಾತ್ರಿ ಒಂದೇ ಏಟಿಗೆ ಅಂಟಿಸಿದವರು ಸಿಕ್ಕಿಬೀಳುತ್ತಾರೆ.

ಒಂದು ಉದಾಹರಣೆ. ರಾಜಾಜಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಈ ಒಂದು ವಾಕ್ಯಕ್ಕೆ ನಂಬಬಹುದಾದ ಆಧಾರ ಹುಡುಕಿಕೊಂಡು ಬಾ ಎಂದು ವಿದ್ಯಾರ್ಥಿಗೆ ಹೇಳಿ. ಒಂದನ್ನೊಂದು ನಕಲು ಮಾಡಿದ ಹತ್ತಾರು ಪುಟಗಳು ಮೊದಲು ಸಿಗುತ್ತವೆ. ಅವನ್ನು ಬಿಟ್ಟು ಒಂದು ಒಳ್ಳೆಯ ಜೀವನಚರಿತ್ರೆಯ ಪುಟಸಂಖ್ಯೆಗೆ ತಲುಪುವಷ್ಟರಲ್ಲಿ ಅವನಿಗೆ ಸಂಶೋಧನೆಯ ಮೊದಲ ಪಾಠ ಆಗಿರುತ್ತದೆ.

ಗಡಿಭಾಗದ ಮಕ್ಕಳಿಗೆ ಇಲ್ಲಿ ಬೇರೆಯವರಿಗಿಲ್ಲದ ಒಂದು ಬಲವಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ತೆಲುಗಿನಲ್ಲಿ ಒಂದು ಲಕ್ಷ ದಾಟಿದೆ, ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. ತಮಿಳನ್ನು ಓದಿ ಕನ್ನಡದಲ್ಲಿ ಬರೆಯಬಲ್ಲವರು ಬೆಂಗಳೂರಿನ ಕಾಲೇಜುಗಳಲ್ಲಿ ಎಷ್ಟು ಜನ ಸಿಗುತ್ತಾರೆ? ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ತಮಿಳು ಕಡ್ಡಾಯವಾಯಿತೆಂದು ನೊಂದುಕೊಂಡವರೂ ನಾವೇ. ಆದರೆ ಮಕ್ಕಳು ಆ ತಮಿಳನ್ನು ಕಲಿತೇ ಕಲಿತಿದ್ದಾರೆ, ಅದು ಈಗ ಅವರ ಸ್ವತ್ತು. ವಿಕಿಪೀಡಿಯದ ಅನುವಾದ ಉಪಕರಣ ಮೂಲ ಲೇಖನವನ್ನು ಒಂದು ಬದಿಗೆ, ಕನ್ನಡವನ್ನು ಇನ್ನೊಂದು ಬದಿಗೆ ಇಟ್ಟುಕೊಡುತ್ತದೆ. ಯಂತ್ರಾನುವಾದವನ್ನು ಹೆಚ್ಚು ತಿದ್ದದೆ ಹಾಗೇ ಪ್ರಕಟಿಸಲು ಹೋದರೆ ಎಚ್ಚರಿಸುತ್ತದೆ, ಕೆಲವೊಮ್ಮೆ ಬಿಡುವುದೂ ಇಲ್ಲ.

ಎಡವಬಹುದಾದ ಜಾಗಗಳೂ ಇವೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ದೊಡ್ಡ ಕಾರ್ಯಕ್ರಮ ನಡೆಯಿತು. ಪುಸ್ತಕಗಳಿಂದ, ಜಾಲತಾಣಗಳಿಂದ ನಕಲು ಮಾಡಿದ ಬರಹಗಳು ರಾಶಿಬಿದ್ದು, ತೆಗೆದುಹಾಕಲು ಸ್ವಯಂಸೇವಕರಿಗೆ ಸಾಕುಸಾಕಾಗಿ ಅದನ್ನು ನಿಲ್ಲಿಸಬೇಕಾಯಿತು. ನೂರು ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಐದು ಮಂದಿಯಿಂದ ಶುರುಮಾಡುವುದು ಕ್ಷೇಮ. ಮೊದಲು ಪ್ರಯೋಗಪುಟದಲ್ಲಿ ಬರೆಸಿ, ಆಧಾರ ನೋಡಿ, ಆಮೇಲೆ ಪ್ರಕಟಿಸಬೇಕು. ಅಜ್ಜಿ ಹೇಳಿದ ಊರಿನ ಕಥೆಯನ್ನು ವಿಕಿಪೀಡಿಯ ಆಧಾರವೆಂದು ಒಪ್ಪುವುದಿಲ್ಲ ಎಂಬುದನ್ನೂ ಮುಂಚೆಯೇ ಹೇಳಿ, ಇಲ್ಲದಿದ್ದರೆ ಮಕ್ಕಳಿಗೆ ಬೇಜಾರಾಗುತ್ತದೆ. ಆ ಕಥೆಯನ್ನು ಧ್ವನಿಯಲ್ಲಿ ದಾಖಲಿಸಿ ಮನೆಯಲ್ಲಿಡಿ. ಊರಾಚೆಯ ವೀರಗಲ್ಲಿನ ಫೋಟೋವನ್ನು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬಹುದು.

ಲೇಖನ ಬರೆಯಲು ಧೈರ್ಯ ಸಾಲದವರಿಗೆ ವಿಕಿಸೋರ್ಸ್ ಇದೆ. ಹಳೆಯ ಕನ್ನಡ ಪುಸ್ತಕದ ಪುಟದ ಚಿತ್ರ ಒಂದು ಬದಿ, ಯಂತ್ರ ಓದಿದ ಪಠ್ಯ ಇನ್ನೊಂದು ಬದಿ. ಯಂತ್ರ ಒತ್ತಕ್ಷರದಲ್ಲಿ, ಅರ್ಕಾವೊತ್ತಿನಲ್ಲಿ ತಪ್ಪುತ್ತದೆ, ಅದನ್ನು ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಪರಿಶೀಲಿಸಿದರೆ ಹಸಿರು. ತಿದ್ದಿದವರೇ ಹಸಿರು ಮಾಡುವಂತಿಲ್ಲ. ಕನ್ನಡ ಅಕ್ಷರ ಮರೆತ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಾಗುಣಿತದ ಅಭ್ಯಾಸ ನಮಗೆ ಗೊತ್ತಿಲ್ಲ. ಸಾಹಿತ್ಯದ ಕಡೆ ಒಲವಿದ್ದವರು ವಚನ ಸಂಚಯ ತಾಣವನ್ನು ನೋಡಬೇಕು. 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಬಹುದು. 'ಕಾಯಕ' ಎಂಬ ಪದವನ್ನು ಯಾವ ವಚನಕಾರರು ಹೆಚ್ಚು ಬಳಸಿದ್ದಾರೆಂದು ಮೊದಲು ಊಹಿಸಿ, ಆಮೇಲೆ ಎಣಿಸಿ ನೋಡಿ.

ಕನ್ನಡ ಟೈಪಿಂಗ್ ಬರುವುದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು, ಮಾತಾಡಿದರೂ ಬರೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಿದ್ದರೆ ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಅವು ಹುಡುಕಿದರೆ ಸಿಗುವುದಿಲ್ಲ.

ಎಐ ಬಗ್ಗೆ ಎರಡು ಮಾತು

ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದ ಮೇಲೆ ಅಸೈನ್‌ಮೆಂಟ್ ಬರೆಯುವ ಕಷ್ಟ ಹೋಯಿತೆಂದು ಮಕ್ಕಳು ಭಾವಿಸಿದ್ದಾರೆ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ಪ್ರಯೋಗ ನಡೆಯಿತು. ಚಾಟ್‌ಬಾಟನ್ನು ಹೇಗೆ ಬೇಕಾದರೂ ಕೇಳಬಹುದಾಗಿದ್ದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಬಳಸದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಸಿದ್ಧಪಡಿಸಿದ ಇನ್ನೊಂದು ಬಗೆಯನ್ನು ಬಳಸಿದವರಿಗೆ ಈ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಹಾಗಾಗಿ ಮೊದಲು ಕಾಗದದ ಮೇಲೆ ನಿಮ್ಮ ಉತ್ತರ ಬರೆಯಿರಿ. ಆಮೇಲೆ "ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದ್ದೇನೆಂದು ಪ್ರಶ್ನೆ ಕೇಳು" ಎಂದು ಕನ್ನಡದಲ್ಲೇ ಕೇಳಿ. ಊರು, ಶಾಸನ, ಇಸವಿಗಳ ವಿಷಯದಲ್ಲಿ ಅದು ಧೈರ್ಯವಾಗಿ ಸುಳ್ಳು ಹೇಳುವುದುಂಟು, ಪುಸ್ತಕ ನೋಡದೆ ನಂಬಬೇಡಿ.

ಫೋನು ಒಂದು, ಕೈ ಮೂರು

ಎಲ್ಲ ಮನೆಗಳಲ್ಲೂ ಮಕ್ಕಳಿಗೊಂದು ಫೋನು ಇಲ್ಲ. ಅಪ್ಪ ಶಿಫ್ಟ್ ಮುಗಿಸಿ ಬಂದ ಮೇಲೆಯೇ ಫೋನು ಸಿಗುವ ಮನೆಗಳಿವೆ. ಅಣ್ಣನಿಗೆ ಫೋನು, ತಂಗಿಗೆ "ಯಾಕೆ ಬೇಕು" ಎನ್ನುವ ಮನೆಗಳೂ ಇವೆ. ಪೋಷಕರಲ್ಲಿ ನಮ್ಮ ವಿನಂತಿ: ಓದುವ ಹೆಣ್ಣುಮಗಳಿಗೆ ದಿನಕ್ಕೆ ಒಂದು ಗಂಟೆ ನಿಗದಿಯಾಗಿ ಫೋನು ಬಿಟ್ಟುಕೊಡಿ, ಪಕ್ಕದಲ್ಲಿ ಕೂತು ಕಾವಲು ಕಾಯುವುದು ಬೇಡ. ಏನು ಓದಿದಳೆಂದು ತಿಳಿಯಬೇಕಾದರೆ ರಾತ್ರಿ ಊಟಕ್ಕೆ ಕೂತಾಗ ಕೇಳಿ. ಅವಳು ಕನ್ನಡದಲ್ಲಿ ನಿಮಗೆ ಅರ್ಥವಾಗುವಂತೆ ಹೇಳಿದರೆ ಪಾಠ ಅವಳಿಗೂ ಅರ್ಥವಾಗಿದೆ ಎಂದು ತಿಳಿಯಿರಿ.

ಸಂಘಕ್ಕೆ ಬಂದು ನಮ್ಮ ಜತೆ ಕೂತು ಬರೆಯಬೇಕೆನ್ನುವ ವಿದ್ಯಾರ್ಥಿಗಳು ಚಾರ್ಜ್ ಆಗಿರುವ ಫೋನು, ತಮ್ಮ ಊರಿನ ಬಗ್ಗೆ ಅಚ್ಚಾದ ಯಾವುದಾದರೂ ಒಂದು ಪುಸ್ತಕ ಅಥವಾ ಪತ್ರಿಕೆಯ ತುಣುಕು ತಂದರೆ ಸಾಕು. ತಮಿಳಿನದಾದರೂ ಸರಿ, ತೆಲುಗಿನದಾದರೂ ಸರಿ. ಶುರುವಿಗೆ ಎಲ್ಲರಿಗೂ ಒಂದೇ ಕೆಲಸ ಕೊಡುತ್ತೇವೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಮ್ಮ ಊರನ್ನು ಹುಡುಕಿ, ಅದರ ಕನ್ನಡ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸುವುದು. ಆ ನಕ್ಷೆಯಲ್ಲಿ ಪ್ರತಿ ಊರಿಗೂ ಕನ್ನಡ, ತಮಿಳು, ತೆಲುಗು ಹೆಸರುಗಳಿಗೆ ಬೇರೆ ಬೇರೆ ಜಾಗವಿದೆ. ಬಾಗಲೂರು, ಮತ್ತಿಗಿರಿ, ತಳಿ, ಕೆಲಮಂಗಲ ಇವುಗಳಲ್ಲಿ ತಕರಾರಿಲ್ಲ. ಸೂಳಗಿರಿಯೋ ಶೂಲಗಿರಿಯೋ ಎಂಬುದನ್ನು ಮಾತ್ರ ಆ ಕಡೆಯಿಂದ ಬರುವ ಮಕ್ಕಳೇ ಆಧಾರ ಸಮೇತ ತೀರ್ಮಾನಿಸಬೇಕು.